ಕಾಫಿಪುಡಿ ಪೊಟ್ಟಣದ ಮೇಲಿನ ಎರಡು ಅಂಕಿ

ವ್ಯವಹಾರ ಅಧ್ಯಯನದಲ್ಲಿ ಬ್ರಾಂಡಿಂಗ್, ಲೇಬಲಿಂಗ್ ಓದುವಾಗ ನಮಗೆಲ್ಲ ನೆನಪಾಗುವುದು ದೊಡ್ಡ ಕಂಪನಿಗಳು. ನನಗೆ ನೆನಪಾದದ್ದು ಅಬ್ಬಾ ಅವರ ಕಿರಾಣಿ ಅಂಗಡಿ. ಸಿಂಧನೂರಿನಲ್ಲಿ ಚಹಾ ಕುಡಿಯುವವರೇ ಹೆಚ್ಚು, ನಮ್ಮ ಮನೆಯಲ್ಲೂ ಚಹಾನೇ. ಆದರೂ ಫಿಲ್ಟರ್ ಕಾಫಿಪುಡಿಗೆಂದೇ ನಮ್ಮಲ್ಲಿಗೆ ಬರುವ ಕೆಲವು ಮನೆಗಳಿವೆ.

ಫಿಲ್ಟರ್ ಕಾಫಿಪುಡಿಗೆ ಸಾಮಾನ್ಯವಾಗಿ ಚಿಕೋರಿ ಬೆರೆಸುತ್ತಾರೆ. ಅದು ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಸೇರಿಸಿದರೆ ಡಿಕಾಕ್ಷನ್ ಕಪ್ಪಾಗಿ, ಗಟ್ಟಿಯಾಗಿ ಇಳಿಯುತ್ತದೆ. ಇದು ಮೋಸವಲ್ಲ, ಕಾನೂನಿನಲ್ಲೇ ಅವಕಾಶವಿದೆ. ಆದರೆ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಮುದ್ರಿಸಬೇಕು.

ಆ ಎರಡು ಅಂಕಿಗಳಲ್ಲೇ ಲಾಭವೂ ಇದೆ, ಆಸೆಯೂ ಇದೆ. ಕಾಫಿ ಕಿಲೋಗೆ 600 ರೂಪಾಯಿ, ಚಿಕೋರಿ 200 ಎಂದಿಟ್ಟುಕೊಳ್ಳಿ. 80:20 ಮಿಶ್ರಣಕ್ಕೆ 520 ರೂಪಾಯಿ ತಗಲುತ್ತದೆ. ಸದ್ದಿಲ್ಲದೆ 60:40 ಮಾಡಿದರೆ 440. ಕಿಲೋಗೆ 80 ರೂಪಾಯಿ ಉಳಿಯಿತು, ನೋಡಿದರೆ ಯಾರಿಗೂ ಗೊತ್ತಾಗದು.

ಬೆಳೆಯುವ ಊರಿನ ಹೆಸರೂ ಒಂದು ಭರವಸೆಯೇ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿಯಿರುವ ಬೆಟ್ಟದ 'ಬಾಬಾಬುಡನ್‌ಗಿರಿ ಅರೇಬಿಕಾ'ಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಬೇರೆಡೆ ಬೆಳೆದದ್ದಕ್ಕೆ ಆ ಹೆಸರು ಹಾಕುವಂತಿಲ್ಲ. ಆದರೆ ಪುಡಿ ಮಾಡುವಾಗ ಅಂಗಡಿಯವನು ಏನು ಬೆರೆಸಿದ ಎಂಬುದನ್ನು ಬೆಟ್ಟ ಹೇಳಲಾರದು.

ಹೋದ ವರ್ಷ ನಮಗಾದದ್ದೂ ಅದೇ. ಬೇರೆ ಊರಿನ ಒಬ್ಬ ಸಗಟು ವ್ಯಾಪಾರಿ 80:20 ಎಂದು ಹೇಳಿ ಪುಡಿ ಕಳಿಸುತ್ತಿದ್ದ. ಅಬ್ಬಾ ಅದನ್ನು ಸಣ್ಣ ಪೊಟ್ಟಣ ಕಟ್ಟಿ ಅಂಗಡಿಯ ಮುದ್ರೆ ಒತ್ತುತ್ತಿದ್ದರು. ಒಂದು ದಿನ ನಿವೃತ್ತ ಶಿಕ್ಷಕಿಯೊಬ್ಬರು ಪೊಟ್ಟಣ ವಾಪಸ್ ತಂದು, "ಈ ಸಲ ಬರೀ ಕಹಿ, ವಾಸನೇನೇ ಇಲ್ಲ" ಎಂದರು. ಅಬ್ಬಾ ವಾದ ಮಾಡಲಿಲ್ಲ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಒಂದಕ್ಕೆ ಹಳೆಯ ಪುಡಿ, ಇನ್ನೊಂದಕ್ಕೆ ಹೊಸದು ಉದುರಿಸಿದರು. ಕಾಫಿಪುಡಿ ತೇಲುತ್ತದೆ. ಚಿಕೋರಿ ಕಂದು ಗೆರೆ ಬಿಡುತ್ತಾ ಬೇಗ ಮುಳುಗುತ್ತದೆ. ಇದರಿಂದ ಶೇಕಡಾವಾರು ಲೆಕ್ಕ ಸಿಗದು, ಆದರೆ ವ್ಯತ್ಯಾಸ ನಮ್ಮಿಬ್ಬರ ಕಣ್ಣಿಗೂ ಕಂಡಿತು.

ಉಳಿದ ಚೀಲವನ್ನು ಮಾರಬೇಡಿ ಎಂದು ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಕಡಿಮೆ ಬೆಲೆಗೆ ಮಾರೋಣ ಎಂದಿದ್ದೆ. ಅಬ್ಬಾ ಕೇಳಿದ್ದು ಒಂದೇ ಮಾತು: "ಮುದ್ರೆ ಯಾರ್ದು?" ಪೊಟ್ಟಣ ಒಯ್ದವರಿಗೆಲ್ಲ ಹಣ ವಾಪಸ್ ಕೊಟ್ಟರು. ಸಗಟು ವ್ಯಾಪಾರಿ ನಮಗೆ ಕೊಡಲಿಲ್ಲ. ಆ ತಿಂಗಳು ನನ್ನ ಟ್ಯೂಷನ್ ಫೀಸು ತಡವಾಯಿತು.

ಈಗ ಬೇರೆ ಕಡೆಯಿಂದ ಮುಚ್ಚಿದ ಪ್ಯಾಕೆಟ್‌ಗಳೇ ಬರುತ್ತವೆ, ಪ್ರಮಾಣ ಮುದ್ರಿಸಿರುತ್ತದೆ. ಆ ಅಕ್ಷರ ತೀರಾ ಸಣ್ಣದು, ವಯಸ್ಸಾದವರಿಗೆ ಕಾಣುವುದಿಲ್ಲ. ಅದಕ್ಕೇ ನಾನು ಕಪಾಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಕಾಫಿ 80, ಚಿಕೋರಿ 20' ಎಂದು ಬರೆದು ಅಂಟಿಸಿದ್ದೇನೆ. ಶಿಕ್ಷಕಿ ಮತ್ತೆ ಬರುತ್ತಿದ್ದಾರೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನವರು ಇನ್ನೂ ಬಂದಿಲ್ಲ.