ಸಿ.ಡಿ.4 ಕಡಿಮೆ ಅಂದರೆ ಏನರ್ಥ?



ನಮ್ಮ ಒಂದು ಸಂಘದಲ್ಲಿ ನಡೆದ ವಿಷಯದಿಂದಲೇ ಈ ಪಾಠ ಶುರುಮಾಡುತ್ತೇವೆ. ಸದಸ್ಯೆಯೊಬ್ಬರಿಗೆ ಕುತ್ತಿಗೆಯಲ್ಲಿ ಗಂಟು ಬಂತು. ನೋವಿಲ್ಲವಲ್ಲ ಅಂತ ಮೂರು ತಿಂಗಳು ಸುಮ್ಮನಿದ್ದರು. ಬಯಾಪ್ಸಿ ಮಾಡಿಸಿದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆಯ ಮಧ್ಯೆ ಸಾಲದ ಅರ್ಜಿಯ ಜೊತೆ ಅವರ ಆಸ್ಪತ್ರೆ ಫೈಲು ಸಂಘಕ್ಕೆ ಬಂತು. ಅದರಲ್ಲಿ 'ಸಿ.ಡಿ.4 – 210' ಎಂದು ಬರೆದಿತ್ತು. "ಇದು ಎಚ್.ಐ.ವಿ.ಯವರಿಗೆ ಮಾಡೋ ಟೆಸ್ಟ್ ಅಲ್ವಾ?" ಅಂದರು ಯಾರೋ ಒಬ್ಬರು. ಮುಂದಿನ ವಾರ ಚಾಪೆಯ ಮೇಲೆ ಅವರ ಪಕ್ಕ ಯಾರೂ ಕೂರಲಿಲ್ಲ. ನಾವೂ ಆ ಸಭೆಯಲ್ಲಿದ್ದೆವು, ಗಮನಿಸಿಯೂ ಕೂಡಲೇ ಮಾತಾಡಲಿಲ್ಲ. ಅದು ನಮ್ಮ ತಪ್ಪು.

ಸಿ.ಡಿ.4 ಎಂಬುದು ರೋಗದ ಹೆಸರಲ್ಲ. ನಮ್ಮೆಲ್ಲರ ರಕ್ತದಲ್ಲೂ ಇರುವ ಒಂದು ಬಗೆಯ ಬಿಳಿ ರಕ್ತಕಣದ ಗುರುತು ಅದು. ಈ ಕಣಕ್ಕೆ ಸಹಾಯಕ ಟಿ ಕಣ ಎನ್ನುತ್ತಾರೆ. ಇದು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ಬಲಿಯುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಸಂಘದ ಪ್ರತಿನಿಧಿ ಒಬ್ಬಳೇ ನಿಂತು ರಸ್ತೆ ಮಾಡಿಸುವುದಿಲ್ಲ. ಆದರೆ ಅವಳು ಕರೆಯದಿದ್ದರೆ ಯಾರೂ ಪಂಚಾಯ್ತಿ ಮುಂದೆ ಸೇರುವುದಿಲ್ಲ, ಅಲ್ಲವೇ? ಈ ಕಣದ ಕೆಲಸವೂ ಹೆಚ್ಚುಕಡಿಮೆ ಹಾಗೇ. ರೋಗಾಣು ಬಂದಿದೆ ಎಂದು ಉಳಿದ ಕಣಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500ರವರೆಗೆ ಇರುತ್ತವೆ.

ಎಚ್.ಐ.ವಿ. ವೈರಸ್ ನೇರವಾಗಿ ಈ ಕಣಗಳನ್ನೇ ಹಾಳುಮಾಡುತ್ತದೆ. ಹಾಗಾಗಿ ನಮಗೆ ಸಿ.ಡಿ.4 ಎಂದ ತಕ್ಷಣ ಅದೇ ನೆನಪಾಗುತ್ತದೆ. ಲಿಂಫೋಮಾದಲ್ಲಿ ಎಚ್.ಐ.ವಿ. ಇಲ್ಲದಿದ್ದರೂ ಸಂಖ್ಯೆ ಇಳಿಯಬಹುದು. ರೋಗದಿಂದಲೇ ಇಳಿಯಬಹುದು, ಕೀಮೋ ಔಷಧಿಯಿಂದಲೂ ಇಳಿಯುತ್ತದೆ. ಕೆಲವು ಔಷಧಿಗಳ ನಂತರ ಮತ್ತೆ ಏರಲು ಎಷ್ಟೋ ತಿಂಗಳು ಬೇಕು. ವಯಸ್ಸಾದಂತೆ ಥೈಮಸ್ ಕುಗ್ಗುವುದರಿಂದ ಮಕ್ಕಳಿಗಿಂತ ದೊಡ್ಡವರಲ್ಲಿ ಇನ್ನೂ ನಿಧಾನ.

ಇದರಲ್ಲಿ ಒಂದು ವಿಚಿತ್ರವಿದೆ. ಇಂಗ್ಲೆಂಡಿನ ಥಾಮಸ್ ಹಾಡ್‌ಕಿನ್ ಎಂಬ ವೈದ್ಯರು 1832ರಲ್ಲಿ ವಿವರಿಸಿದ ಹಾಡ್‌ಕಿನ್ ಲಿಂಫೋಮಾದಲ್ಲಿ, ಗಡ್ಡೆಯಲ್ಲಿ ಕ್ಯಾನ್ಸರ್ ಕಣಗಳು ಬಹಳ ಕಡಿಮೆ. ಅವುಗಳ ಸುತ್ತ ಗುಂಪುಗಟ್ಟಿರುವವರಲ್ಲಿ ಸಹಾಯಕ ಟಿ ಕಣಗಳೇ ಬಹಳ! ಕಾಯಬೇಕಾದವರನ್ನೇ ಕಳ್ಳ ತನ್ನ ಕಡೆ ಮಾಡಿಕೊಂಡ ಹಾಗೆ. ಫಾಲಿಕ್ಯುಲರ್ ಎಂಬ ಇನ್ನೊಂದು ಬಗೆಯಲ್ಲೂ ಕೆಲವು ಸಹಾಯಕ ಕಣಗಳು ಕ್ಯಾನ್ಸರ್ ಕಣ ಬದುಕಲು ನೆರವಾಗುತ್ತವೆ, ಮಜ್ಜೆಯೊಳಗೂ ಅದರ ಜೊತೆ ಸೇರಿರುತ್ತವೆ. ಆದ್ದರಿಂದ ರಕ್ತದ ಎಣಿಕೆಯೊಂದರಿಂದಲೇ ಎಲ್ಲಾ ತಿಳಿಯುವುದಿಲ್ಲ. ರೋಗ ಮಜ್ಜೆಗೆ ಹರಡಿದೆಯೇ ಎಂದು ನೋಡಲು ಕೆಲವರಿಗೆ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ. "ಬೆನ್ನುಹುರಿಗೆ ಸೂಜಿ ಹಾಕ್ತಾರೆ, ಕಾಲು ಹೋಗುತ್ತೆ" ಎಂಬ ಮಾತು ಸುಳ್ಳು.

ಲಿಂಫೋಮಾ ಇರುವವರಿಗೆಲ್ಲ ಎಚ್.ಐ.ವಿ. ಪರೀಕ್ಷೆಯನ್ನೂ ಮಾಡುತ್ತಾರೆ. ಎಚ್.ಐ.ವಿ. ಇದ್ದವರಲ್ಲಿ ಈ ಕ್ಯಾನ್ಸರ್ ಹೆಚ್ಚು, ಚಿಕಿತ್ಸೆಯನ್ನು ಅದಕ್ಕೆ ತಕ್ಕಂತೆ ನಡೆಸಬೇಕು. ನಮ್ಮ ಈ ಸಹೋದರಿಯ ಪರೀಕ್ಷೆಯಲ್ಲಿ ಇಲ್ಲವೆಂದೇ ಬಂದಿತ್ತು. ಇದ್ದಿದ್ದರೂ ಪಕ್ಕ ಕೂತರೆ, ಒಟ್ಟಿಗೆ ಉಂಡರೆ ಅದು ಹರಡುವುದಿಲ್ಲ ಎಂದು ಎಷ್ಟು ಸಲ ಕಲಿತಿದ್ದೇವೆ!

ಅಪಾಯ ಇರುವುದು ಅವರಿಂದ ನಮಗಲ್ಲ, ನಮ್ಮಿಂದ ಅವರಿಗೆ. ಸಹಾಯಕ ಕಣ ಕಡಿಮೆಯಿದ್ದಾಗ ನ್ಯುಮೋನಿಯಾ, ಸರ್ಪಸುತ್ತು, ಕ್ಷಯ ಬೇಗ ಹಿಡಿಯುತ್ತವೆ. ಕೀಮೋ ನಡೆಯುವಾಗ ಜ್ವರ ಬಂದರೆ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಸೋಂಕು ತಡೆಯಲು ಡಾಕ್ಟರ್ ಬರೆದ ಮಾತ್ರೆಯನ್ನು ಚೆನ್ನಾಗಿದ್ದೇನೆ ಅಂತ ಬಿಡಬಾರದು.

ಇನ್ನು ಗಂಟಿನ ವಿಷಯ. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಮೂರ್ನಾಲ್ಕು ವಾರವಾದರೂ ಕರಗದಿದ್ದರೆ ತೋರಿಸಿ. ಜ್ವರ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ತೂಕ ಇಳಿಯುವುದು ಕ್ಷಯದಲ್ಲೂ ಉಂಟು, ಲಿಂಫೋಮಾದಲ್ಲೂ ಉಂಟು. ಕ್ಷಯದ ಮಾತ್ರೆ ತಿಂದೂ ಗಂಟು ಬೆಳೆಯುತ್ತಿದ್ದರೆ, "ಬಯಾಪ್ಸಿ ಮಾಡ್ತೀರಾ ಡಾಕ್ಟ್ರೇ?" ಎಂದು ನೀವೇ ಕೇಳಿ. ಕೇಳಲು ನಾಚಿಕೆ ಬೇಡ.

ಆ ಸಹೋದರಿಯ ಅನುಮತಿ ಪಡೆದು, ಎರಡು ವಾರದ ಬಳಿಕ ಸಂಘದಲ್ಲಿ ಇಷ್ಟನ್ನೂ ವಿವರಿಸಿದೆವು. ಸಾಲ ಮಂಜೂರಾಯಿತು. ಈಗ ಅವರು ಮಾಸ್ಕ್ ಹಾಕಿಕೊಂಡು ಸಭೆಗೆ ಬರುತ್ತಾರೆ. ಹೋದ ವಾರ ನೆಗಡಿಯಾಗಿದ್ದ ಇಬ್ಬರು, "ನಿಮಗೆ ಅಂಟೋದು ಬೇಡ ಅಕ್ಕಾ" ಎಂದು ತಾವೇ ಬಾಗಿಲ ಹತ್ತಿರ ಕೂತರು.