ಮೇಷ್ಟರಿಗೆ ಮಾತ್ರೆ ಚೀಟಿ ತೊಡಕಾದಾಗ

ಪ್ರಶ್ನೆ: ಅಪ್ಪನಿಗೆ 74, ನಿವೃತ್ತ ವಿಜ್ಞಾನ ಶಿಕ್ಷಕರು. ಜೀರ್ಣಕ್ರಿಯೆಯನ್ನು ಈಗಲೂ ಸೊಗಸಾಗಿ ವಿವರಿಸುತ್ತಾರೆ. ಆದರೆ ವೈದ್ಯರ ಚೀಟಿಯ ‘1-0-1’ (ಬೆಳಿಗ್ಗೆ ಒಂದು, ರಾತ್ರಿ ಒಂದು) ನೋಡಿ ತಡಬಡಾಯಿಸುತ್ತಾರೆ. ಮರೆವಿನ ಕಾಯಿಲೆಯೇ?

ಉತ್ತರ: ಇಷ್ಟರಿಂದಲೇ ಹಾಗೆನ್ನಲಾಗದು. ಕಲಿತ ವಿದ್ಯೆ ಮುಪ್ಪಿನಲ್ಲೂ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಹೊಸ ಸೂಚನೆಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ವೈದ್ಯರು ಹೇಳಿದ್ದನ್ನು ಅಪ್ಪ ಅಲ್ಲೇ ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ‘ಬಿಳಿ ಮಾತ್ರೆ, ತಿಂಡಿಯಾದ ಮೇಲೆ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ. ವಾರದ ಮಾತ್ರೆ ಡಬ್ಬಿಯನ್ನು ಅವರೇ ತುಂಬಲಿ, ನೀವು ಪಕ್ಕದಲ್ಲಿರಿ; ಕೈಯಿಂದ ಕಸಿದುಕೊಂಡರೆ ಮೇಷ್ಟರ ಮನಸ್ಸು ನೋಯುತ್ತದೆ.

ಕಣ್ಣು, ಕಿವಿ ಮಂದವಾದರೂ ಹೀಗೆ ತಡವರಿಸಬಹುದು; ಎರಡನ್ನೂ ವೈದ್ಯರಿಗೆ ತೋರಿಸಿ. ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗಿದ್ದರೆ ವಿಟಮಿನ್ ಬಿ12 ಕೊರತೆಯಾಗಿ ಮರೆವು ಕಾಣಬಹುದು. ರಕ್ತಪರೀಕ್ಷೆ ಕೇಳಿ, ಥೈರಾಯ್ಡ್ ಕೂಡ.

ಕೇಳಿದ್ದನ್ನೇ ಕೇಳುವುದು, ಪರಿಚಿತ ದಾರಿ ತಪ್ಪುವುದು ಕಂಡರೆ ನರರೋಗ ತಜ್ಞರನ್ನು ಕಾಣಿ. ದಿಢೀರನೆ ಗೊಂದಲವಾದರೆ, ಮಾತು ತೊದಲಿದರೆ ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಿರಿ.