ಕುಂಚ ಬದಿಗಿಟ್ಟು ಬೆಟಗೇರಿಗೆ ಹೋಗು

ತಮ್ಮಾ, ನಿನ್ನ ಹೊಸ ಚಿತ್ರಗಳನ್ನು ನೋಡಿದೆ. ಒಂದರಲ್ಲೂ ಕೊರತೆಯಿಲ್ಲ, ನನಗೆ ಚಿಂತೆ ಹತ್ತಿದ್ದೇ ಅದಕ್ಕೆ. ಲಕ್ಕುಂಡಿಯ ಕಾಶಿವಿಶ್ವನಾಥ, ಲಕ್ಷ್ಮೇಶ್ವರದ ಸೋಮೇಶ್ವರ, ಮುಂಡರಗಿ ಕಡೆಯ ಕಪ್ಪತಗುಡ್ಡ, ಎಲ್ಲವನ್ನೂ ಕಣ್ಣು ಮುಚ್ಚಿ ಬರೆಯುತ್ತೀ. ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರವೆಂಬ ಚಿತ್ರಕಲಾ ಶಾಲೆ ಕಟ್ಟಿದ ಊರಿನ ಹುಡುಗ, ಕೈ ಪಳಗದೆ ಇದ್ದೀತೇ? ಆದರೆ ಕೈ ಅತಿಯಾಗಿ ಪಳಗಿದರೆ ಕಣ್ಣು ನಿದ್ದೆಗೆ ಜಾರುತ್ತದೆ. ಬಣ್ಣದ ಕಂಪನಿ ಬದಲಿಸಿದರೆ ಅದು ಎಚ್ಚರಾಗುವುದಿಲ್ಲ. ನಿನ್ನ ಮಾತು ಕೇಳದ ಸಾಮಾನು ಕೈಗೆ ಬರಬೇಕು.

ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಚಿತ್ರಕಾರ ಎಸ್.ಜಿ. ವಾಸುದೇವ್ ಅವರನ್ನು ನೋಡು. ಮದ್ರಾಸಿನಲ್ಲಿ ಕಲಿತು, 1966ರಲ್ಲಿ ಶುರುವಾದ ಚೋಳಮಂಡಲ ಕಲಾಗ್ರಾಮದ ಮೊದಲ ತಂಡದಲ್ಲಿದ್ದವರು. ಅಲ್ಲಿಯ ಕಲಾವಿದರು ಬಾಟಿಕ್ ಮುಂತಾದ ಕೈಕೆಲಸ ಮಾರಿ ಹೊಟ್ಟೆ ಹೊರೆದು, ಉಳಿದ ಹೊತ್ತಿನಲ್ಲಿ ಚಿತ್ರ ಬರೆದರು. ವಾಸುದೇವ್ ತಾಮ್ರದ ತಗಡಿನಲ್ಲಿ ಉಬ್ಬುಚಿತ್ರ ಮೂಡಿಸಿದರು. ಬೆಂಗಳೂರಿಗೆ ಬಂದ ಮೇಲೆ ನೇಕಾರ ಸುಬ್ಬರಾಯುಲು ಅವರ ಜೊತೆ ಸೇರಿ ತಮ್ಮ ಚಿತ್ರಗಳನ್ನು ರೇಷ್ಮೆಯಲ್ಲಿ ನೇಯಿಸಿದರು. ಕುಂಚವನ್ನೇನೂ ಬಿಡಲಿಲ್ಲ. ಹೆಸರು ಬಂದ ಮೇಲೂ ಮಗ್ಗದ ಮುಂದೆ ಹೊಸಬರಾಗಿ ನಿಲ್ಲಲು ಅವರು ನಾಚಲಿಲ್ಲ ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ನಿನಗೆ ಬೆಂಗಳೂರೇ ಬೇಕಿಲ್ಲ. ನಿನ್ನೂರಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಮಗ್ಗದ ಸದ್ದು ಮೊದಲಿನಷ್ಟು ಇಲ್ಲದಿದ್ದರೂ ಪೂರಾ ನಿಂತಿಲ್ಲ. ಒಂದು ಕುಣಿಮಗ್ಗದ ಬದಿಗೆ ಸುಮ್ಮನೆ ಕೂಡು. ಹಾಸಿನ ಎಳೆಗಳು ಉದ್ದಕ್ಕೆ ಬಿಗಿಯಾಗಿ ನಿಂತಿರುತ್ತವೆ. ಕಾಲು ತುಳಿದಂತೆ ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ, ನಡುವಿನ ಸಂದಿಯಲ್ಲಿ ಹೊಕ್ಕಿನ ಅಡ್ಡ ನೂಲು ಹೊತ್ತ ಲಾಳಿ ಓಡುತ್ತದೆ. ಕ್ಯಾನ್ವಾಸಿನ ಮೇಲೆ ನೀನು ಮೊದಲು ಮುಖ ಬರೆದು ಆಮೇಲೆ ಹಿನ್ನೆಲೆಗೆ ಹೋಗುತ್ತೀ. ಇಲ್ಲಿ ಆ ಸಲಿಗೆ ನಡೆಯದು. ಚಿತ್ರ ಒಂದು ಅಂಚಿನಿಂದ ಎಳೆ ಎಳೆಯಾಗಿಯೇ ಏರಬೇಕು. ಮರ ಬೇಕೆಂದರೆ ಬುಡದ ಮಣ್ಣಿನಿಂದ ಶುರು. ನೇಯ್ದದ್ದರ ಮೇಲೆ ಬಣ್ಣ ಬಳಿದು ಮುಚ್ಚುವಂತಿಲ್ಲ, ಬೇಡವಾದರೆ ಬಿಚ್ಚುತ್ತ ಹಿಂದೆ ಬರಬೇಕು. ದುಂಡು ಗೆರೆ ಹತ್ತಿರದಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲು. ಕೆಂಪು ಹಾಸಿನ ಎಳೆಗಳಿಗೆ ನೀಲಿ ಹೊಕ್ಕು ಕೊಟ್ಟರೆ ತಟ್ಟೆಯಲ್ಲಿ ಕಲಸಿದ ನೇರಳೆ ಬರುವುದಿಲ್ಲ. ಬಟ್ಟೆ ಅಲುಗಿದಂತೆ ಒಮ್ಮೆ ಕೆಂಪು, ಒಮ್ಮೆ ನೀಲಿ ಮಿಂಚುತ್ತದೆ. ಬಣ್ಣ ಗೊತ್ತೆಂದು ಬೀಗುವ ನಿನ್ನಂಥವನಿಗೆ ಇದು ಬೇಕಾದ ಪಾಠ.

ಹೋದ ಕೂಡಲೇ ‘ನನ್ನ ಚಿತ್ರ ನೇಯ್ದು ಕೊಡ್ರಿ’ ಅಂತ ಕೇಳಬೇಡ. ಸೀರೆಯಲ್ಲಿ ಹೊಕ್ಕಿನ ನೂಲು ಈ ದಡಿಯಿಂದ ಆ ದಡಿಗೆ ಸಲೀಸಾಗಿ ಓಡುತ್ತದೆ. ಚಿತ್ರಕ್ಕಾದರೆ ಒಂದೊಂದು ಬಣ್ಣದ ಜಾಗಕ್ಕೂ ಬೇರೆ ಬೇರೆ ನೂಲು ಬೆರಳಿನಿಂದ ತೂರಿಸಬೇಕು, ಕೆಲಸ ಬಸವನಹುಳುವಿನಂತೆ ತೆವಳುತ್ತದೆ. ಮೊದಲು ಬರೀ ಪಟ್ಟೆಗಳನ್ನು ಯೋಚಿಸು. ಎರಡೇ ಬಣ್ಣ, ಅಗಲ ಮಾತ್ರ ಹೆಚ್ಚು ಕಡಿಮೆ. ಕಪ್ಪತಗುಡ್ಡವನ್ನು ಅಷ್ಟರಲ್ಲಿ ಹೇಳಲು ಬರುತ್ತದೋ ನೋಡು. ಮನೆಯಲ್ಲಿ ಹಳೆಯ ಚೌಕಟ್ಟಿಗೆ ಮೊಳೆ ಹೊಡೆದು ದಾರ ಬಿಗಿದರೂ ರೂಢಿ ಮಾಡಿಕೊಳ್ಳಬಹುದು.

ಇನ್ನು ದುಡ್ಡಿನ ಮಾತು. ನಿನ್ನ ಪ್ರಯೋಗಕ್ಕಾಗಿ ಮಗ್ಗ ನಿಂತರೆ ಆ ಮನೆಯ ದಿನದ ಗಳಿಕೆಯೂ ನಿಲ್ಲುತ್ತದೆ. ಕೂಲಿ ಮಾತಾಡಿಯೇ ಕೂಡು, ಚೌಕಾಸಿ ಬೇಡ, ಕೆಡುವ ನೂಲಿನ ಖರ್ಚೂ ನಿನ್ನದೇ. ನೇಕಾರರು ‘ಈ ಮೂಲೆ ಹೀಗೆ ಬರೂದಿಲ್ಲ, ಹಾಂಗ ಮಾಡೂಣು’ ಅಂದರೆ ವಾದಕ್ಕೆ ಇಳಿಯದೆ ಕಾಗದದ ಮೇಲಿನ ಗೆರೆಯನ್ನೇ ತಿದ್ದು. ಮುಂದೆ ಪ್ರದರ್ಶನಕ್ಕೆ ಇಟ್ಟಾಗ ಚೀಟಿಯಲ್ಲಿ ಅವರ ಹೆಸರು ನಿನ್ನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿರಲಿ, ಮಾರಿದರೆ ಪಾಲು ಎಷ್ಟೆಂಬುದನ್ನು ಮೊದಲ ಲಾಳಿ ಓಡುವ ಮುಂಚೆಯೇ ಬರೆದಿಡು.